ಮಲಗಿ ಕಟ್ಟಿದ ಗೋಡೆ

ಸುತ್ತಲಿನ ನಾಲ್ಕು ಬಡಾವಣೆಗಳಲ್ಲಿ ಎಲ್ಲೇ ಗೋಡೆ ನೆಟ್ಟಗಿದ್ದರೂ ಅದಕ್ಕೆ ಕಾರಣ ತಾನು, ಸೊಟ್ಟಗಿದ್ದರೆ ಅದಕ್ಕೆ ಕಾರಣ ಆ ಮನೆಯವರ ಹಣೆಬರಹ ಎಂಬುದು ನಮ್ಮ ಗಾರೆ ಮೇಸ್ತ್ರಿಯ ಸಿದ್ಧಾಂತ. ಇಂಥ ಮಹಾಪುರುಷ ಒಂದು ಬೆಳಿಗ್ಗೆ ಸಿಮೆಂಟಿನ ಚೀಲ ಎತ್ತಲು ಬಗ್ಗಿದವನು ಬಗ್ಗಿದಂತೆಯೇ ಉಳಿದ. ಸೊಂಟದಿಂದ ಹೊರಟ ನೋವು ಎಡಗಾಲಿನ ಹೆಬ್ಬೆರಳಿನವರೆಗೆ ಹೋಗಿ ಅಲ್ಲೇ ಬಿಡಾರ ಹೂಡಿತು. ಹೆಂಡತಿ ಅವನನ್ನು ಅದೇ ಭಂಗಿಯಲ್ಲಿ ಬಾಡಿಗೆ ಗಾಡಿಗೆ ತುಂಬಿಕೊಂಡು ಆಸ್ಪತ್ರೆಗೆ ಒಯ್ದಳು.

ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಮೇಸ್ತ್ರಿ ನೋಡಿ ಲೊಚಗುಟ್ಟಿದ.

"ಯಾರು ಸಾರ್ ಇದನ್ನ ಕಟ್ಟಿದ್ದು? ಬುಡದ ಇಟ್ಟಿಗೆನೇ ಮುಂದಕ್ಕೆ ಜಾರಿದೆ."

"ಅದು ನಿಮ್ಮ ಬೆನ್ನುಮೂಳೆ, ಮೇಸ್ತ್ರಿಗಳೇ."

"ಅದಕ್ಕೇನಂತೆ? ಒಂದೇಟು ಹಾಕಿದ್ರೆ ಸಾಲಿಗೆ ಬರುತ್ತೆ. ಸುತ್ತಿಗೆ ಬೇಕಾದ್ರೆ ನನ್ನ ಚೀಲದಲ್ಲೇ ಇದೆ."

"ಏಟೂ ಇಲ್ಲ, ಗೀಟೂ ಇಲ್ಲ. ಜಾರಿದ ಮೂಳೆ ಕಾಲಿನ ನರವನ್ನ ಒತ್ತುತ್ತಾ ಇದೆ. ಆರು ವಾರ ಬಗ್ಗಬೇಡಿ, ಭಾರ ಎತ್ತಬೇಡಿ. ಬೆಲ್ಟ್ ಕಟ್ಟಿ, ಮಾತ್ರೆ ತಗೊಳ್ಳಿ, ಹೇಳಿಕೊಟ್ಟ ವ್ಯಾಯಾಮ ಮಾಡಿ, ಉಳಿದ ಹೊತ್ತು ಸುಮ್ಮನಿರಿ. ಮಾತು ಕೇಳದೆ ಇನ್ನೂ ಜಾರಿಸಿಕೊಂಡ್ರೆ ಆಪರೇಷನ್ನೇ ಗತಿ. ಎರಡು ಮೂಳೆ ಸೇರಿಸಿ ಸ್ಕ್ರೂ ಹಾಕಬೇಕಾಗುತ್ತೆ."

ಸ್ಕ್ರೂ ಎಂದೊಡನೆ ಮೇಸ್ತ್ರಿಯ ಜೀವ ಬಾಯಿಗೆ ಬಂತು. ಮೂವತ್ತು ವರ್ಷ ಗಾರೆಯನ್ನೇ ನಂಬಿ ಬದುಕಿದ ಮೈಗೆ ಈಗ ಬಡಗಿಯ ಕೆಲಸವೇ?

"ಆರು ವಾರ ತಾನೇ? ಬಂಡೆ ಹಾಗೆ ಬಿದ್ದಿರ್ತೀನಿ," ಎಂದು ಘೋಷಿಸಿದ.

ಬಂಡೆ ಮರುದಿನ ಹತ್ತು ಗಂಟೆಯ ಹೊತ್ತಿಗೆ ಹದಿನಾಲ್ಕು ಸಲ ಹೊರಳಿತ್ತು. ಚಾಪೆ ಚುಚ್ಚುತ್ತದೆ, ದಿಂಬು ಎತ್ತರ, ಗಡಿಯಾರದ ಸದ್ದು ಜಾಸ್ತಿ, ಕಿಟಕಿಯ ಚೌಕಟ್ಟು ಎಡಕ್ಕೆ ವಾಲಿದೆ. ಹನ್ನೊಂದಕ್ಕೆ ತನ್ನ ರಸಮಟ್ಟ ತರಿಸಿಕೊಂಡು ಹೊಟ್ಟೆಯ ಮೇಲಿಟ್ಟುಕೊಂಡ. ಮಟ್ಟ ನೋಡುವ ಆ ಪಟ್ಟಿಯೊಳಗಿನ ಗುಳ್ಳೆ ಉಸಿರಿಗೊಮ್ಮೆ ಅತ್ತ, ಉಸಿರಿಗೊಮ್ಮೆ ಇತ್ತ ಓಡಾಡಿತು. ಅದಾದರೂ ಓಡಾಡುತ್ತಿದೆಯಲ್ಲ ಎಂದು ಮೇಸ್ತ್ರಿಗೆ ಹೊಟ್ಟೆಕಿಚ್ಚಾಯಿತು.

ಮೇಸ್ತ್ರಿಯ ಸ್ವಂತ ಮನೆಯ ಹಿತ್ತಲ ಗೋಡೆ ನಾಲ್ಕು ವರ್ಷದಿಂದ ಮೊಣಕಾಲೆತ್ತರಕ್ಕೇ ನಿಂತಿತ್ತು. ಇಟ್ಟಿಗೆ, ಮರಳು ಎಲ್ಲ ಬಂದು ಬಿದ್ದಿದ್ದವು. ಮೇಸ್ತ್ರಿಗೆ ಪುರುಸೊತ್ತು ಮಾತ್ರ ಬಂದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ನಾಲ್ಕನೆಯ ದಿನ ಪಕ್ಕದ ಮನೆಯ ನಾಯಿ ಅದನ್ನು ಸಲೀಸಾಗಿ ದಾಟಿ ಬಂದು, ಒಗೆದು ಒಣಹಾಕಿದ್ದ ಸೊಂಟದ ಬೆಲ್ಟನ್ನು ಕಚ್ಚಿಕೊಂಡು ಪರಾರಿಯಾಯಿತು. ಅರ್ಧ ಬೀದಿ ಅಟ್ಟಿಸಿಕೊಂಡು ಹೋಗಿ ಬೆಲ್ಟಿನೊಂದಿಗೆ ಮರಳಿದ ಹೆಂಡತಿ ನೇರವಾಗಿ ಗಂಡನ ಕರಣೆ ಎತ್ತಿಕೊಂಡಳು.

"ಲೇ, ಅದು ಗಾರೆ ಮೆತ್ತೋ ಕರಣೆ. ಸೌಟು ಅಂದ್ಕೊಂಡ್ಯಾ?"

"ಸೌಟು ಹಿಡಿದವಳಿಗೆ ಹದ ಹೇಳಿಕೊಡಬೇಡಿ. ಅಳತೆ ಮಾತ್ರ ಹೇಳಿ."

ಚಾಪೆ ಹಿತ್ತಲ ಬಾಗಿಲಿಗೆ ಬಂತು. ಮೇಸ್ತ್ರಿ ಮಲಗಿದಲ್ಲಿಂದಲೇ ಶುರುಮಾಡಿದ.

"ಇಟ್ಟಿಗೆ ನೆನೆಸು. ಇನ್ನೂ ನೆನೆಸು. ದಾರ ಬಿಗಿಯಾಗಿ ಎಳಿ. ಅಯ್ಯೋ, ಆ ಮೂರನೇದು ವಾಲ್ತಾ ಇದೆ, ಕಣ್ಣು ಕಾಣೋಲ್ವಾ?"

"ಅದು ವಾಲಿಲ್ಲ. ನೀವು ಮಲಗಿರೋದೇ ಸೊಟ್ಟ."

ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು ನೋಡಿದ್ದಾಯಿತು. ಗುಂಡು ಹೆಂಡತಿಯ ಪಕ್ಷ ವಹಿಸಿತು.

ಮೇಸ್ತ್ರಿಯ ಕೈ ಕಡಿಯುತ್ತಿತ್ತು, ಕಾಲು ಜುಮುಗುಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಮೊಣಕೈ ಊರಿ ಏಳಲು ನೋಡುವನು. ಹೆಂಡತಿ ತಿರುಗಿಯೂ ನೋಡದೆ "ಸ್ಕ್ರೂ" ಎನ್ನುವಳು. ಮೇಸ್ತ್ರಿ ಮತ್ತೆ ಮಲಗುವನು.

ಹೀಗೆ ಹನ್ನೆರಡು ದಿನದಲ್ಲಿ ಗೋಡೆ ಆಳೆತ್ತರಕ್ಕೆ ಎದ್ದಿತು. ಸತ್ಯ ಹೇಳಬೇಕೆಂದರೆ, ಚೆನ್ನಾಗಿತ್ತು. ಮೇಸ್ತ್ರಿಗೆ ಸಂತೋಷವಾಯಿತು, ಸಂತೋಷವಾಯಿತಲ್ಲ ಎಂದು ಸಂಕಟವೂ ಆಯಿತು.

ಡಾಕ್ಟರು ವಾರಕ್ಕೊಮ್ಮೆ ಕಳಿಸುತ್ತಿದ್ದ ವ್ಯಾಯಾಮದ ಮೇಡಂ ಮರುದಿನ ಬಂದು ಅವನ ಎಡಗಾಲನ್ನು ಮೇಲೆತ್ತಿ ಹಿಡಿದಿದ್ದರು. ಅಷ್ಟರಲ್ಲಿ ಔಷಧದ ಅಂಗಡಿಯ ಯಜಮಾನರು ಬಂದರು. ಅವರಿಗೆ ಹೊಸ ಗೋದಾಮಿನ ಸುತ್ತ ಗೋಡೆ ಕಟ್ಟಿಸಬೇಕಿತ್ತು. ಹಿತ್ತಲ ಗೋಡೆ ಕಂಡದ್ದೇ ಹತ್ತಿರ ಹೋಗಿ ಕೈಯಾಡಿಸಿದರು.

"ಎಂಥಾ ಕೈಕೆಲಸ. ಕಟ್ಟಿದ್ದು ಯಾರು?"

"ಇನ್ಯಾರು, ನಾನೇ," ಎಂದ ಮೇಸ್ತ್ರಿ. ಬಹಳ ವರ್ಷದ ಅಭ್ಯಾಸ, ನಾಲಿಗೆ ನಿಲ್ಲಲಿಲ್ಲ.

ಮೇಡಂ ಅವನ ಕಾಲನ್ನು ಮೆಲ್ಲನೆ ಕೆಳಗಿಟ್ಟರು.

"ಹೋದ ವಾರ ಇದು ಅರ್ಧ ಇತ್ತು, ನಾನೇ ನೋಡಿದ್ದೀನಿ. ಅಂದ್ರೆ ಬಗ್ಗಿದ್ರಿ, ಇಟ್ಟಿಗೆ ಹೊತ್ರಿ. ಸರಿ, ಡಾಕ್ಟರಿಗೆ ಹೇಳ್ತೀನಿ, ಆಪರೇಷನ್ನಿಗೆ ದಿನ ಗೊತ್ತು ಮಾಡಲಿ." ಅವರ ಕೈಯಲ್ಲಿ ಆಗಲೇ ಫೋನಿತ್ತು.

ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಬೆನ್ನಿಗೆ ಸ್ಕ್ರೂ, ಇನ್ನೊಂದು ಕಡೆ ಇಷ್ಟು ವರ್ಷದ ಹೆಸರು. ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಈ ಗೋಡೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದಳು.

"ನಾನಲ್ಲ ಮೇಡಂ," ಎಂದ ಕೊನೆಗೆ. "ಇವಳು ಕಟ್ಟಿದ್ದು. ಒಂದೊಂದು ಇಟ್ಟಿಗೆನೂ ಇವಳೇ ಇಟ್ಟಿದ್ದು. ನಾನು ಮಲಗಿಕೊಂಡು ಬೈದೆ, ಅಷ್ಟೇ."

ನೆಟ್ಟಗಿರುವ ಗೋಡೆಯೊಂದನ್ನು ಇನ್ನೊಬ್ಬರು ಕಟ್ಟಿದ್ದೆಂದು ಅವನು ಒಪ್ಪಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಮೇಡಂ ಫೋನು ಒಳಗಿಟ್ಟರು. ಯಜಮಾನರು ಚಾಪೆಯ ಕಡೆಯಿಂದ ಪೂರ್ತಿ ಹೆಂಡತಿಯ ಕಡೆಗೆ ತಿರುಗಿದರು.

"ಹಾಗಾದ್ರೆ ಅಮ್ಮಾ, ಸೋಮವಾರದಿಂದ ನೀವೇ ಬರ್ತೀರಾ?"

ಮೇಸ್ತ್ರಿ ಮೊಣಕೈ ಊರಿ ತಲೆಯೆತ್ತಿದ. ಹೆಂಡತಿ ನಿಧಾನವಾಗಿ ಕೈ ಒರೆಸಿಕೊಂಡಳು.

"ಬರ್ತೀನಿ ಯಜಮಾನ್ರೇ. ಆದ್ರೆ ಇವರ ಚಾಪೆ ಹಾಸೋಕೆ ಅಲ್ಲಿ ಸ್ವಲ್ಪ ನೆರಳಿರೋ ಜಾಗ ಬೇಕು. ಪಕ್ಕದಲ್ಲಿ ಇವರು ಬೈತಾ ಇರದೆ ಇದ್ರೆ ನನಗೆ ಸಾಲು ನೆಟ್ಟಗೆ ಬರೋಲ್ಲ."