ವಾಸ್ತುಶಾಂತಿಗೆ ಹೋದ ಶಾಂತು

ನಾಯಿಯನ್ನು ಪಳಗಿಸುವುದು ನನ್ನಂಥವನಿಗೆ ಒಂದು ವಾರದ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದಿದವನು ನಾನು. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪುವವನಲ್ಲ. ನನ್ನ ನೆನಪನ್ನಂತೂ ಪುರಾವೆ ಇದ್ದರೂ ಒಪ್ಪುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ ಬಂದು ಜಗ್ಗಿ ನೋಡುವುದು ನನ್ನ ದಿನಚರಿ.

ಕಾಕತಿಯ ಹೊಲವೊಂದರಲ್ಲಿ ಹಿಂಡು ತಂಗಿಸಿದ್ದ ಕುರಿಗಾರರಿಂದ ನಾಯಿಮರಿಯನ್ನು ತಂದೆ. ಹೆಸರಿನ ಪ್ರಭಾವ ಸ್ವಭಾವದ ಮೇಲೆ ಆಗಲಿ ಎಂದು ಶಾಂತು ಎಂದು ಕರೆದೆ. ಪ್ರಭಾವ ಆಗಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ನೆಹರು ನಗರದ ನಮ್ಮ ಓಣಿಯಲ್ಲಿ ಬಿಡಿಬಿಡಿಯಾಗಿ ಇದ್ದದ್ದೆಲ್ಲ ಅದಕ್ಕೆ ಸಹಿಸಲಾಗದ ಸಂಗತಿಯಾಯಿತು. ಹತ್ತು ಮನೆಗಳ ಚಪ್ಪಲಿ ನಮ್ಮ ಅಂಗಳಕ್ಕೆ ಬಂದವು. ಚಪ್ಪಲಿಯ ನಂತರ ಕೋಳಿಗಳು. ಕೋಳಿಗಳ ನಂತರ, ಒಂದು ಬೆಳಿಗ್ಗೆ, ಬಾಜೂ ಮನೆಯ ಶಬಾನಾ ಬಾಯಿ ಗೇಟಿನ ಹೊರಗೆ ನಿಂತು ಬಹಳ ಸಮಾಧಾನದಿಂದ ಕೇಳಿದರು:

"ಸರ್, ಸಾಲಿ ಬಸ್ಸಿಗೆ ನಿಂತಿದ್ದ ನಮ್ಮ ಹುಡುಗೂರನ್ನ ನಿಮ್ಮ ನಾಯಿ ನಿಮ್ಮ ಕಂಪೌಂಡಿನ್ಯಾಗ ತುಂಬೇತಿ. ಬಸ್ ಬಂದೈತ್ರೀ. ಬಿಡಸ್ತೀರೇನು?"

ನಾನು ದಿಗ್ಭ್ರಮೆಯಿಂದ ತಿರುಗಿ ನೋಡಿದೆ. ದಾಸವಾಳದ ಗಿಡದ ಹತ್ತಿರ ಓಣಿಯ ಮಕ್ಕಳೆಲ್ಲ ಒತ್ತೊತ್ತಾಗಿ ನಿಂತಿದ್ದರು. ಶಾಂತು ಅವರ ಸುತ್ತ ಗಸ್ತು ತಿರುಗುತ್ತಿತ್ತು. ಮಕ್ಕಳಿಗೆ ಸಂತೋಷವೋ ಸಂತೋಷ.

ಅಂದೇ ತರಬೇತಿ ಆರಂಭವಾಯಿತು. 'ಕೂಡು' ಎಂದಾಗ ಕೂತರೆ ಒಂದು ಬಿಸ್ಕೀಟು. ಸಿದ್ಧಾಂತ ಸರಳ. ತೊಂದರೆ ನನ್ನ ಕಡೆಯಿಂದ ಬಂತು. ಬಿಸ್ಕೀಟು ಕೊಟ್ಟ ಮರುಕ್ಷಣವೇ, ಕೊಟ್ಟೆನೋ ಇಲ್ಲವೋ ಎಂಬ ಸಂಶಯ. ನಾಯಿಗೆ ಅನ್ಯಾಯವಾಗಬಾರದಲ್ಲ? ಇನ್ನೊಂದು ಕೊಡುತ್ತಿದ್ದೆ. ಶಾಂತು ಇದನ್ನು ಬೇಗ ಅರ್ಥ ಮಾಡಿಕೊಂಡಿತು. ತಿಂದ ಮೇಲೆ ಏನೂ ತಿನ್ನದವರ ಮುಖ ಮಾಡಿಕೊಂಡು ನನ್ನನ್ನೇ ನೋಡುವುದನ್ನು ಕಲಿಯಿತು. 'ಕೂಡು' ಮಾತ್ರ ಕಲಿಯಲಿಲ್ಲ.

ಅಷ್ಟರಲ್ಲಿ ಖಾನಾಪುರದಲ್ಲಿ ನನ್ನ ಹೆಂಡತಿ ರೇಣುಕಾಳ ತಮ್ಮ ಪರಶುರಾಮ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವಂತಿರಲಿಲ್ಲ. ಹೆಂಡತಿ ಅಂತಿಮ ಆದೇಶ ಹೊರಡಿಸಿದಳು.

"ಕರಕೊಂಡು ಬರ್ರಿ. ಆದ್ರ ಅಲ್ಲಿ ಏನರ ಧಾಂದಲೆ ಮಾಡ್ತಂದ್ರ ಅಲ್ಲೇ ಬಿಟ್ಟು ಬರೂದು. ಪರಶ್ಯಾನ ಮನ್ಯಾಗ ಎಮ್ಮಿ ಅದಾವು, ಕಾಯಕೊಂಡಿರ್ತೈತಿ."

"ಒಂದು ಸಣ್ಣ ತಪ್ಪಿಗೂ?"

"ಒಂದ ತಪ್ಪು. ನಾ ನಿಮ್ಮಂಗ ಮರ್ಯಾಕಿ ಅಲ್ಲ."

ನನ್ನ ಮಾತನ್ನು ಕೊನೆಯವರೆಗೆ, ಕಿವಿ ನೆಟ್ಟಗೆ ಮಾಡಿಕೊಂಡು ಕೇಳುವ ಜೀವ ನಮ್ಮ ಮನೆಯಲ್ಲಿ ಅದೊಂದೇ. ಅದನ್ನು ಎಮ್ಮೆಗಳಿಗೆ ಒಪ್ಪಿಸುವುದೆಂದರೇನು?

ಖಾನಾಪುರದಲ್ಲಿ ಶಾಂತುವನ್ನು ಹಿತ್ತಲಿನ ಕಂಬಕ್ಕೆ ಚೈನಿನಿಂದ ಕಟ್ಟಿದೆ. ಪೂಜೆಗೆ ಬಂದು ಕೂತೆ. ಕೊಂಡಿ ಹಾಕಿದೆನೇ? ಎದ್ದು ಹೋಗಿ ನೋಡಿದೆ. ಹಾಕಿತ್ತು. ಬಂದು ಕೂತೆ. ಈಗ ನೋಡಿದ್ದು ಕೊಂಡಿಯನ್ನೋ, ಕೊಂಡಿ ಹಾಕಿದೆ ಎಂಬ ನನ್ನ ಆಸೆಯನ್ನೋ? ಮತ್ತೆ ಹೋದೆ. ಹಾಕಿತ್ತು. ಆದರೆ ಸರಿಯಾಗಿ ಕಚ್ಚಿಕೊಂಡಿದೆಯೇ ಎಂಬುದು ತೆಗೆದು ಹಾಕದೆ ತಿಳಿಯುವುದು ಹೇಗೆ? ತೆಗೆದೆ. ಆಗಲೇ ಒಳಗಿಂದ ಪರಶುರಾಮ ಕೂಗಿದ: "ಮಾಮಾ, ಲಗೂನ ಬರ್ರಿ, ಫೋಟೋ ತೆಗ್ಯಾಕತ್ತಾರ."

ಫೋಟೋದಲ್ಲಿ ನಗುತ್ತಾ ನಿಂತಾಗ ಸಂಶಯ ಮತ್ತೆ ಬಂತು. ಎರಡು ಸಲವೂ ಸುಳ್ಳು ಸಂಶಯವೇ ಆಗಿತ್ತಲ್ಲ, ಇದೂ ಹಾಗೇ ಎಂದು ತರ್ಕಬದ್ಧವಾಗಿ ನಿರ್ಧರಿಸಿದೆ. ಬದುಕಿನಲ್ಲಿ ನನ್ನ ನೆನಪನ್ನು ನಾನು ನಂಬಿದ್ದು ಅದೇ ಮೊದಲು.

ಪೂಜೆ ಮುಗಿದು ಆಯೇರಿ ಶುರುವಾಯಿತು. ಬೀಗರು ಬಿಜ್ಜರಿಗೆ ಟೋಪಿ, ಟಾವೆಲ್ಲು, ತೆಂಗಿನಕಾಯಿ ಕೊಟ್ಟು ಮಾನ ಮಾಡುವ ಈ ಹೊತ್ತಿನಲ್ಲಿಯೇ ರೇಣುಕಾಳ ಚಿಕ್ಕಪ್ಪ ಕಲ್ಲಪ್ಪ ಕಾಕಾ ಪ್ರತಿ ಕಾರ್ಯಕ್ರಮದಲ್ಲೂ ಮುನಿಸಿಕೊಳ್ಳುವುದು. ಯಾರೋ ಕಿರಿಯರಿಗೆ ಮೊದಲು ಟೋಪಿ ಹಾಕಿದರೆಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಬಹಳ ನಿಧಾನವಾಗಿ ನಡೆಯುತ್ತಾರೆ. ಕರೆಯಲು ಬರುವವರಿಗೆ ತ್ರಾಸ ಆಗಬಾರದಲ್ಲ. ಹಿರಿಯರಿಬ್ಬರು ಹೋಗಿ ಕೈ ಹಿಡಿದು, ಕಾಲಿಗೆ ಬಿದ್ದು ಕರೆತಂದ ಮೇಲೆಯೇ ಊಟದ ಪಂಕ್ತಿ. ಅವರು ಬಸ್ಸು ಹತ್ತಿದ್ದನ್ನು ಯಾರೂ ಕಂಡಿಲ್ಲ.

ಅಂದೂ ಎದ್ದರು. "ನನ್ನ ಮಾನಾ ಇಷ್ಟ ಅಂತ ತಿಳೀತು. ಬರ್ತೀನಿ" ಎಂದು ಹೊರಟರು.

"ಇನ್ನ ನಡೀರಿ, ಕರಕೊಂಡು ಬರೂಣು" ಎಂದು ಪರಶುರಾಮ ಚಪ್ಪಲಿ ಹುಡುಕಿದ. ಅವನ ಚಪ್ಪಲಿ ಇರಲಿಲ್ಲ. ಯಾರ ಚಪ್ಪಲಿಯೂ ಇರಲಿಲ್ಲ. ಎಲ್ಲವೂ ತುಳಸಿಕಟ್ಟೆಯ ಬುಡದಲ್ಲಿ ಗುಡ್ಡೆಯಾಗಿದ್ದವು. ಗುಡ್ಡೆಯ ಪಕ್ಕದಲ್ಲಿ ಶಾಂತು!

ಅದು ಅಂಗಳದಲ್ಲಿ ಚದುರಿ ನಿಂತಿದ್ದ ಹೆಂಗಸರನ್ನು, ಮಕ್ಕಳನ್ನು, ದಕ್ಷಿಣೆ ಎಣಿಸುತ್ತಿದ್ದ ಭಟ್ಟರನ್ನು ಒಂದೇ ಸುತ್ತಿನಲ್ಲಿ ಚಪ್ಪರದ ಕೆಳಗೆ ಕೂಡಿಸಿತು. ನಾನು 'ಕೂಡು, ಕೂಡು' ಎಂದು ಅರಚಿದೆ. ಭಟ್ಟರು ಕೂತರು. ನಾಯಿ ಕೂರಲಿಲ್ಲ. ಹಿಂಡನ್ನೆಲ್ಲ ಒಮ್ಮೆ ನೋಡಿ, ಒಬ್ಬರು ಕಡಿಮೆ ಇದ್ದಾರೆಂದು ತಿಳಿದಂತೆ ಗೇಟು ದಾಟಿ ರಸ್ತೆಗೆ ಹಾರಿತು.

ಎಲ್ಲರೂ ಕಂಪೌಂಡಿನ ಗೋಡೆಗೆ ಬಂದು ನಿಂತೆವು. ದೂರದಲ್ಲಿ ಕಾಕಾ ಹೋಗುತ್ತಿದ್ದರು. ಯಾರು ಬರುತ್ತಿದ್ದಾರೆಂದು ಓರೆಗಣ್ಣಿನಿಂದ ಹಿಂದೆ ನೋಡಿದರು. ಬರುತ್ತಿದ್ದದ್ದನ್ನು ಕಂಡು ಅವರ ನಡಿಗೆಯಲ್ಲಿ ನಾವೆಂದೂ ಕಾಣದ ವೇಗ ಬಂತು. ಶಾಂತು ಅವರನ್ನು ಮುಂದಿನಿಂದ ಅಡ್ಡಗಟ್ಟಿತು. ಕಚ್ಚಲಿಲ್ಲ, ಬೊಗಳಲಿಲ್ಲ. ಧೋತರದ ಅಂಚನ್ನು ಮೂಗಿನಿಂದ ತಿವಿಯುತ್ತಾ ಅವರ ದಿಕ್ಕು ಬದಲಿಸಿತು. ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ಟೋಪಿ ಹಿಡಿದು ಕಲ್ಲಪ್ಪ ಕಾಕಾ ಅರ್ಧ ಓಡುತ್ತಾ ಬಂದು ಚಪ್ಪರದ ಕೆಳಗೆ ನಿಂತರು.

"ನಾ ಏನ ಕುರಿ ಏನೋ, ಪರಶ್ಯಾ? ಕರ್ಯಾಕ ಮನಿಷ್ಯಾರ ಯಾರೂ ಇರಲಿಲ್ಲೇನು ನಿನಗ?"

ಪರಶುರಾಮ ಬಾಯಿ ತೆರೆಯುವ ಮೊದಲೇ ಕಾಕಾರ ಹೆಂಡತಿ ನೆಲದ ಮೇಲೆ ಎಲೆ ಹಾಕಿದರು. "ಬಂದೀರಲ್ಲ, ಕುಂದರ್ರಿ. ಇಷ್ಟ ಲಗೂನ ಯಾವಾಗೂ ಬಂದಿಲ್ಲ ನೀವು. ಇವತ್ತ ಹೋಳಿಗಿ ಬಿಸೀನ ಅದಾವು."

ಕಾಕಾ ಇನ್ನೊಮ್ಮೆ ಎದ್ದು ನೋಡಿದರು. ಶಾಂತುವೂ ಎದ್ದಿತು. ಕಾಕಾ ಕೂತರು. ಮೂರು ಹೋಳಿಗೆ ತಿಂದರು.

ಧಾಂದಲೆ ಆಗಿಹೋಗಿತ್ತು. ಆದೇಶ ನೆನಪಿತ್ತು, ದುರದೃಷ್ಟವಶಾತ್ ಬಹಳ ಸ್ಪಷ್ಟವಾಗಿಯೇ. ನಾನು ಶಾಂತುವಿನ ತಲೆ ಸವರುತ್ತಾ ಹಿತ್ತಲಲ್ಲಿ ಕೂತಿದ್ದಾಗ ಪರಶುರಾಮ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಮಾಮಾ, ಈ ನಾಯಿ ಬಂಗಾರ ಐತಿ. ಇಲ್ಲೇ ಬಿಡ್ರಿ. ನಮ್ಮ ಓಣ್ಯಾಗ ಇನ್ನೂ ಮದುವಿ ಅದಾವು. ಕಾಕಾನಂಥಾವ್ರು ಮನಿಗೊಬ್ರು."

ನಾನು ತತ್ತರಿಸಿದೆ. ಕೆಟ್ಟದ್ದು ಮಾಡಿದರೆ ಬಿಟ್ಟು ಹೋಗಬೇಕೆಂದಿತ್ತು. ಒಳ್ಳೆಯದು ಮಾಡಿದರೂ ಬಿಟ್ಟು ಹೋಗಬೇಕೇ? ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದೆ.

"ಇಲ್ಲಪಾ ಪರಶ್ಯಾ" ಎಂದಳು. "ಇದು ನಮಗ ಬೇಕು."

ಊರಿಗೆ ಮರಳುತ್ತಾ ಕಾರು ದೇಸೂರು ದಾಟುವಾಗ ಹಿಂದಿನ ಸೀಟಿನಲ್ಲಿ ಮಲಗಿದ್ದ ಶಾಂತುವನ್ನು ನೋಡಿ ಹೆಂಡತಿಗೆ ಮೆಲ್ಲನೆ ಹೇಳಿದೆ: "ಅಂತೂ ನಿನಗೂ ಅದರ ಮ್ಯಾಲ ಪ್ರೀತಿ ಹುಟ್ಟೇತಿ."

"ಪ್ರೀತಿ ಅಲ್ರೀ. ನಿನ್ನಿ ಕೊತಂಬರಿ ತರತೀನಂತ ಹೋಗಿ ಎಲ್ಲಿ ನಿಂತಿದ್ರಿ, ನೆನಪೈತೇನು?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೊತ್ತಂಬರಿ ತಂದದ್ದೂ ನೆನಪಾಗಲಿಲ್ಲ.

ಈಗ ಸಂಜೆ ನಾನು ಹೊರಗೆ ಹೊರಟರೆ ಹೆಂಡತಿ ಶಾಂತುವಿನ ಚೈನು ಬಿಚ್ಚುತ್ತಾಳೆ. ಯಾವುದೋ ತಿರುವಿನಲ್ಲಿ, ಬಂದದ್ದು ಯಾಕೆ ಎಂದು ಯೋಚಿಸುತ್ತಾ ನಿಂತಾಗ ಮೊಣಕಾಲಿನ ಹಿಂದೆ ಒಂದು ತಣ್ಣನೆಯ ಮೂಗು ತಾಗುತ್ತದೆ. "ನಾಯಿಗೆ ಭಾರೀ ಚಲೋ ಕಲಿಸೀರಿ ಸರ್" ಎನ್ನುತ್ತಾರೆ ಎದುರು ಸಿಕ್ಕವರು. ನಿಂತು ನಿಜ ಹೇಳಬೇಕೆಂದು ಬಹಳ ಆಸೆ. ಆದರೆ ನನಗೆ ನಿಲ್ಲಲು ಪರವಾನಗಿ ಇಲ್ಲ.