ವ್ಯಾಕರಣದ ಹುಲಿ

ವ್ಯಾಕರಣದ ಮೇಷ್ಟ್ರಿಗೆ ಒಂದೇ ಕೊರಗು. ಕಂಪ್ಯೂಟರಿನಲ್ಲಿ ನಡೆಸುವ ಸಂಜೆ ತರಗತಿಗೆ ಸೇರಿದ್ದ ನಲವತ್ತು ಮಕ್ಕಳು ಕರಗಿ ಕರಗಿ ಒಂಬತ್ತಾಗಿದ್ದರು. "ನಾಳೆ ನಾನೇ ಬಂದು ಕೂತು ನೋಡ್ತೀನಿ. ಹೀಗೇ ಆದ್ರೆ ತರಗತಿ ಮುಚ್ಚೋದೇ" ಎಂದುಬಿಟ್ಟಿದ್ದರು ಹೆಡ್‌ಮಾಸ್ಟರು.

"ಮಕ್ಕಳ ತಪ್ಪೇನಿದೆ?" ಎಂದಳು ಹೆಂಡತಿ. "ಸಂಧಿ ಹೇಳುವಾಗಲೂ ಅದೇ ಮುಖ, ಸಮಾಸಕ್ಕೂ ಅದೇ ಮುಖ. ನಮ್ಮ ಮದುವೆ ಫೋಟೋದಲ್ಲೂ ಅದೇ ಮುಖ!"

ಮೇಷ್ಟ್ರಿಗೆ ರೋಷ ಉಕ್ಕಿತು (ಮುಖದಲ್ಲೇನೂ ಕಾಣಲಿಲ್ಲ). ಅಂದೇ ಒಂದು ಸಾಫ್ಟ್‌ವೇರ್ ಹಾಕಿಕೊಂಡರು. ಕ್ಯಾಮೆರಾ ನಮ್ಮ ಮುಖ ನೋಡುತ್ತದೆ, ಮುಖ ಮಾಡಿದ್ದನ್ನೆಲ್ಲ ಪರದೆಯ ಮೇಲಿನ ಗೊಂಬೆ ಮಾಡುತ್ತದೆ. ಮೊಲ, ಗೂಬೆ, ಹುಲಿ ಇದ್ದವು. ವ್ಯಾಕರಣದಲ್ಲಿ ತಾವೇನೆಂಬುದು ಚೆನ್ನಾಗಿ ಗೊತ್ತಿದ್ದ ಮೇಷ್ಟ್ರು ಹುಲಿಯನ್ನೇ ಆರಿಸಿದರು.

ಮರುದಿನ ಹೆಡ್‌ಮಾಸ್ಟರ ಸಮ್ಮುಖದಲ್ಲಿ ವ್ಯಾಘ್ರಾವತಾರವಾಯಿತು. ಐದು ನಿಮಿಷ ಹುಲಿ ಹೊಟ್ಟೆಗೆ ಹುಲ್ಲು ತುಂಬಿದಂತೆ ನೆಟ್ಟಗೆ ಕೂತಿತ್ತು. ಆಮೇಲೆ ಮೇಷ್ಟ್ರು ಅಭ್ಯಾಸಬಲದಿಂದ ಪುಸ್ತಕದೊಳಗೆ ತಲೆ ಹುದುಗಿಸಿದರು. ಮುಖ ಕಳೆದುಕೊಂಡ ಕ್ಯಾಮೆರಾ ಅತ್ತಿತ್ತ ತಡಕಾಡಿ, ಹಿಂದೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಮುಖವನ್ನು ಹಿಡಿಯಿತು.

"ಲೋಪ, ಆಗಮ, ಆದೇಶ..." ಎಂದಿತು ಮೇಷ್ಟ್ರ ದನಿ. ಹುಲಿ ದವಡೆ ಹರಿಯುವಂತೆ ಆಕಳಿಸಿತು. "ಗಮನವಿಟ್ಟು ಕೇಳಿ" ಎಂದರೆ ಹುಲಿ ಕಣ್ಣು ಮೇಲೆ ಮಾಡಿ ಮೂತಿ ತಿರುವಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಲೋಪಸಂಧಿಯ ಸೊಬಗು ಕೊನೆಗೂ ತಾಕಿತಲ್ಲ ಎಂದು ಮೇಷ್ಟ್ರು ತಲೆ ಎತ್ತದೆಯೇ ಪುಳಕಗೊಂಡರು.

ಪಾಠ ಮುಗಿದದ್ದೇ ಹೆಡ್‌ಮಾಸ್ಟರ ಫೋನು: "ತಮ್ಮ ಪಾಠಕ್ಕೆ ತಾವೇ ಆಕಳಿಸೋದು ಅಂದ್ರೆ ಸಾಮಾನ್ಯವೇ ಮೇಷ್ಟ್ರೇ! ದಿನಾ ಹೀಗೇ ನಡೀಲಿ."

"ನಾನು ಆಕಳಿಸಿದೆನೇ?"

"ನೀವಲ್ಲ, ನಾನು," ಎಂದಳು ಹೆಂಡತಿ. "ಮೊದಲನೇದು ನಿಜವಾದ ಆಕಳಿಕೆ. ಹುಲಿ ನನ್ನ ಹಾಗೇ ಮಾಡ್ತಿದೆ ಅಂತ ಗೊತ್ತಾದ ಮೇಲೆ ಉಳಿದದ್ದೆಲ್ಲ ಬೇಕಂತಲೇ."

ಮಾರನೆಯ ಸಂಜೆ ವಿಧಿಯಿಲ್ಲದೆ ಆಕೆ ಕ್ಯಾಮೆರಾದ ಎದುರು ಕುರ್ಚಿಯಲ್ಲಿ, ಮೇಷ್ಟ್ರು ಪುಸ್ತಕ ಹಿಡಿದು ಮೇಜಿನ ಪಕ್ಕ ನೆಲದ ಮೇಲೆ. ಮೂವತ್ತೆಂಟು ಮಕ್ಕಳು ಬಂದಿದ್ದರು! ಹತ್ತು ನಿಮಿಷಕ್ಕೆ ಒಬ್ಬ ಹುಡುಗಿ ಕೈ ಎತ್ತಿದಳು. ಈ ವರ್ಷದ ಮೊಟ್ಟಮೊದಲ ಪ್ರಶ್ನೆ. ಮೇಷ್ಟ್ರ ಎದೆ ಉಬ್ಬಿತು. "ಕೇಳಮ್ಮಾ, ಕೇಳು!"

"ಹುಲಿ ಸಾರ್, ನಿಮ್ಮ ಪಕ್ಕದಲ್ಲಿ ಯಾರೋ ಒಂದೇ ಸಮನೆ ಮಾತಾಡ್ತಿದ್ದಾರೆ. ಸ್ವಲ್ಪ ಸುಮ್ಮನಿರೋಕೆ ಹೇಳ್ತೀರಾ?"

ಹುಲಿ ಬಹಳ ಗಂಭೀರವಾಗಿ ತಲೆಯಾಡಿಸಿತು.