ಹಗ್ಗ ಕಲಿಯುವ ಕೆಲಸ

ಬಾವಿಯಿಂದ ನೀರು ಸೇದುವಾಗ ದೇವರನಾಮ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಕೊಡವೂ ಮೇಲೆ ಬರುತ್ತದೆ, ಪುಣ್ಯವೂ ಬರುತ್ತದೆ. ಒಂದೇ ಎಳೆತಕ್ಕೆ ಎರಡು ಲಾಭ. ಆ ಸಂಜೆ ಕೊಡ ಇನ್ನೂ ಅರ್ಧ ಬಾವಿಯಲ್ಲಿತ್ತು. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸಕ್ಕೆ ಅಂದೇ ಸೇರಿದ್ದ ನನ್ನ ಮೈದುನ ಶ್ರೀಪತಿ ನೇರ ಹಿತ್ತಿಲಿಗೇ ಬಂದು ನಿಂತ.

"ಅತ್ತಿಗೆ, ನಾಳೆಯಿಂದ ನಾನು ಹೋಗಲ್ಲ. ಮೊದಲು ಹಗ್ಗ ಕಲೀಬೇಕಂತೆ!"

"ಅಯ್ಯೋ ರಾಮ" ಎಂದು ಎರಡೂ ಕೈಯನ್ನು ಕೆನ್ನೆಗಿಟ್ಟುಕೊಂಡೆ. ಬಾವಿಯಲ್ಲೇನೋ ಸದ್ದಾಯಿತು, ಆ ಗಾಬರಿಯಲ್ಲಿ ಅತ್ತ ಯಾರು ನೋಡುತ್ತಾರೆ?

ಮದರಾಸಿನ ಕಡೆಯ ಅವನ ಆಫೀಸರಿಗೆ ಕನ್ನಡ ಬಾರದು. "ಲರ್ನ್ ದ ರೋಪ್ಸ್" ಎಂದರಂತೆ. ಇಂಟರ್ ಪಾಸಾದ ನಮ್ಮ ಹುಡುಗ ಅದನ್ನು ಪದಕ್ಕೆ ಪದ ಬಿಡಿಸಿಕೊಂಡು ಬಂದಿದ್ದ. ಸದ್ದು ಕೇಳಿ ಒಳಗಿನಿಂದ ಬಂದ ಅತ್ತೆಯವರು ಕೆಂಡವಾದರು. "ಇಂಟರ್ ಓದಿಸಿದ್ದು ಹಗ್ಗ ಹೊಸೆಯೋಕೇನೋ? ಬಿಟ್ಟುಬಿಡಪ್ಪ ಆ ಕೆಲಸ!" ಈ ಕೆಲಸಕ್ಕಾಗಿ ನಾನು ನಂದಿಯ ಈಶ್ವರನಿಗೆ ಹೊತ್ತ ಹರಕೆಯನ್ನೇ ಇನ್ನೂ ತೀರಿಸಿರಲಿಲ್ಲ.

ಗೋಡೆಯಾಚೆ ಯಾರೋ ನಕ್ಕರು. ಪಕ್ಕದ ಮನೆಯ ಖಾದರ್ ಸಾಹೇಬರು. ಈಗ ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಮಾರುವ ಅವರು ಯುದ್ಧದ ಕಾಲದಲ್ಲಿ ಹಡಗಿನಲ್ಲಿದ್ದವರು.

"ಅರೆ ತಮ್ಮಾ, ಅದು ನಮ್ಮ ಹಡಗಿನ ಮಾತು ಕಣೋ! ಹಿಂದೆ ಹಾಯಿ ಹಡಗಲ್ಲಿ ಎಲ್ಲಿ ನೋಡಿದ್ರೂ ಹಗ್ಗ. ಯಾವುದು ಎಳೆದ್ರೆ ಹಾಯಿ ಏಳುತ್ತೆ, ಯಾವುದು ಬಿಟ್ರೆ ಇಳಿಯುತ್ತೆ, ಹೊಸಬ ಮೊದಲು ಅದು ಕಲೀಬೇಕು. ತಪ್ಪು ಹಗ್ಗ ಬಿಟ್ರೆ ಎಲ್ಲಾ ಗೋವಿಂದ! ಕೆಲಸದ ಒಳಗು ಹೊರಗು ತಿಳ್ಕೋ ಅಂದಿದಾರೆ, ಅಷ್ಟೇ. ಬೆಳಿಗ್ಗೆ ಸುಮ್ನೆ ಬಸ್ಸು ಹತ್ತು."

ಶ್ರೀಪತಿಯ ಮುಖಕ್ಕೆ ಜೀವ ಬಂತು. ನೀರನ್ನು ಕೊಡದ ಅಳತೆಯಲ್ಲೇ ಕಂಡ ನನಗಂತೂ ಮೈ ಜುಮ್ಮೆಂದಿತು. ಬಿರುಗಾಳಿಯಲ್ಲೂ ಕೈ ತಾಕಿದೊಡನೆ ಇದು ಇಂಥ ಹಗ್ಗವೆಂದು ಗುರುತಿಸುತ್ತಿದ್ದ ಆ ನಾವಿಕ ಪುಣ್ಯಾತ್ಮರಿಗೆ ಕೈಮುಗಿಯಬೇಕು. ಸಮುದ್ರ ಬಿಟ್ಟು ಆಫೀಸಿನ ಮೇಜಿಗೆ ಬಂದರೂ ಹಗ್ಗವನ್ನು ಮರೆಯದ ಆ ಇಂಗ್ಲಿಷಿಗೂ!

ಅತ್ತೆಯವರಿಗೆ ಅದೇನು ದೊಡ್ಡದೆನಿಸಲಿಲ್ಲ. "ನೀನು ಮದುವೆಯಾಗಿ ಬಂದಾಗ ನಾನು ಕಲಿಸಲಿಲ್ವೇನೇ? ಯಾವ ಒಲೆ ಹೊಗೆಯಾಡುತ್ತೆ, ಯಾವ ಹಸು ಒದೆಯುತ್ತೆ, ನಿನ್ನ ಗಂಡನ್ನ ಯಾವಾಗ ಮಾತಾಡಿಸಬಾರದು..." ಎಂದವರು ಬಾವಿಯತ್ತ ತಿರುಗಿದರು. ರಾಟೆ ಬರಿದಾಗಿತ್ತು. "ಹಗ್ಗ ಎಲ್ಲೇ?"

"ಎಲ್ಲಾ ಗೋವಿಂದ" ಎಂದರು ಸಾಹೇಬರು ಮೆಲ್ಲಗೆ.

ದೇವರು ದೊಡ್ಡವನು, ಬಿದ್ದದ್ದು ನೆಗ್ಗಿದ ಹಳೆಯ ಕೊಡ. ತವರಿನ ತಾಮ್ರದ್ದು ಮನೆಯೊಳಗೇ ಇತ್ತು. ಸಾಹೇಬರ ಮನೆಯ ಹಗ್ಗ ಕೇಳಿ ತಂದು, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಕೊಕ್ಕೆಗಳನ್ನು ಅದಕ್ಕೆ ಬಿಗಿದು, ಲಂಗರು ಹಾಕುವವಳಂತೆ ಬಾವಿಗೆ ಇಳಿಬಿಟ್ಟೆ. ಈ ಸಲ ದೇವರನಾಮ ಮನಸ್ಸಿನಲ್ಲೇ; ಹಗ್ಗ ಎರಡೂ ಕೈಯಲ್ಲಿ.